ಬೇಸ್ ಗಿಟಾರಿನ ಪೆಟ್ಟಿಗೆಯೂ ಈರಯ್ಯನವರ ತಾಯಿಯೂ

ಬೇಸ್ ಗಿಟಾರ್ ಎಂಬುದು ವಿಚಿತ್ರ ವಾದ್ಯ. ನುಡಿಸುವಾಗ ಅದು ಯಾರ ಕಿವಿಗೂ ಬೀಳುವುದಿಲ್ಲ. ನಿಲ್ಲಿಸಿದರೆ ಮಾತ್ರ, ಏನೋ ಕಡಿಮೆಯಾಯಿತಲ್ಲ ಎಂದು ಜನ ಅತ್ತಿತ್ತ ನೋಡುತ್ತಾರೆ. ಮಾನ್ವಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಕಿರಣಕುಮಾರ ಈ ವಾದ್ಯವನ್ನು ಆರಿಸಿಕೊಂಡದ್ದು ಅದಕ್ಕೇ ಇರಬೇಕು. ಕಚೇರಿಯಲ್ಲೂ ಅವನ ಸ್ಥಿತಿ ಅದೇ. ಬಂದ ದಿನ ಯಾರೂ ಅವನನ್ನು ಗಮನಿಸುವುದಿಲ್ಲ, ರಜೆ ಹಾಕಿದ ದಿನ ಎಲ್ಲರೂ ಅವನನ್ನೇ ಹುಡುಕುತ್ತಾರೆ.

ಅದಕ್ಕೆ ನಾಲ್ಕೇ ತಂತಿ ಎಂಬುದೂ ಅವನ ಮರ್ಯಾದೆಗೆ ಅಡ್ಡ ಬಂದಿತ್ತು. "ಉಳಿದ ಎರಡು ತಂತಿ ಯಾವಾಗ ತರಸ್ತೀರಿ ಸರ್?" ಎಂದು ಕಚೇರಿಯಲ್ಲಿ ಕೇಳದವರಿಲ್ಲ. "ಇದಕ್ಕ ಇರೂದಽ ನಾಲ್ಕು" ಎಂದು ಅವನು ಹೇಳಿದರೆ, ಪಾಪ, ಸೋವಿಯಲ್ಲಿ ಸಿಕ್ಕಿತೆಂದು ತಂದಿರಬೇಕು ಎಂದು ಕನಿಕರಪಡುತ್ತಿದ್ದರು.

ಆದರೆ ಈ ಪ್ರಪಂಚದಲ್ಲಿ ಕಿರಣಕುಮಾರನಿಗೆ ತನ್ನದೇ ಒಂದು ಜಾಗವಿತ್ತು. ದೇವದುರ್ಗದಲ್ಲಿರುವ ಅವನ ಹೆಂಡತಿಯ ತಮ್ಮ ನಿಂಗರಾಜ, ವೃತ್ತಿಯಿಂದ ಶಾಲಾ ಮಾಸ್ತರ, ಒಂದು ಗಾಯನ ಬಳಗ ಕಟ್ಟಿಕೊಂಡಿದ್ದ. ನಿಂಗರಾಜನದು ಕೀಬೋರ್ಡು, ಅಂಗನವಾಡಿ ಕಾರ್ಯಕರ್ತೆ ಗೋಪಮ್ಮನದು ಹಾಡು, ಕಿರಣಕುಮಾರನದು ಬೇಸ್. ಕೂಲಿನಾಲಿ ಮಾಡಿದ ತಂದೆತಾಯಿಗಳು ಓದಿಸಿದ ಮಕ್ಕಳು ಇವರೆಲ್ಲ. ಬಿಳಿ ಅಂಗಿ ತೊಟ್ಟು, ಗಿಟಾರನ್ನು ಕೊರಳಿಗೆ ಹಾಕಿಕೊಂಡು ವೇದಿಕೆಯ ಮೂಲೆಯಲ್ಲಿ ನಿಂತಾಗ ಕಿರಣಕುಮಾರ ಎದೆ ಎತ್ತಿ ನಿಲ್ಲುತ್ತಿದ್ದ. ಬೇರೆಲ್ಲೂ ಅವನು ಹಾಗೆ ನಿಂತದ್ದನ್ನು ಯಾರೂ ನೋಡಿಲ್ಲ.

ಆ ಜಾಗಕ್ಕೇ ಕುತ್ತು ಬಂತು. ಬುದ್ಧ ಪೂರ್ಣಿಮೆಗೆ ರಾಯಚೂರಿನಲ್ಲಿ ದೊಡ್ಡ ಕಾರ್ಯಕ್ರಮವಿತ್ತು. ಅದರ ತಾಲೀಮಿಗೆ ದೇವದುರ್ಗದಲ್ಲಿ ಸೇರಿದ್ದರು. ಕಿರಣಕುಮಾರ ತನ್ನ ಗಿಟಾರನ್ನು ಆಂಪ್ಲಿಫೈಯರ್ ಪೆಟ್ಟಿಗೆಗೆ ಸಿಗಿಸಿ ಸ್ವಿಚ್ ಒತ್ತಿದ. ಪೆಟ್ಟಿಗೆ 'ಗುಂಯ್' ಎಂದಿತು. ಒಮ್ಮೆ ಅಂದು ಸುಮ್ಮನಾಗಲಿಲ್ಲ, ಅನ್ನುತ್ತಲೇ ಇತ್ತು. ಗೋಪಮ್ಮ ಅದನ್ನು ಶ್ರುತಿ ಎಂದೇ ತಿಳಿದು, ಕಣ್ಣು ಮುಚ್ಚಿ, ಅದೇ ಸ್ವರ ಹಿಡಿದು ಹಾಡತೊಡಗಿದಳು. ಕೀಬೋರ್ಡು ಒಂದು ಕಡೆ ಹೋಯಿತು, ಹಾಡು ಇನ್ನೊಂದು ಕಡೆ ಹೋಯಿತು.

ನಿಂಗರಾಜ ಕೈ ಎತ್ತಿದ. "ಗೋಪಕ್ಕಾ, ಎಲ್ಲಿಗೆ ಹೊಂಟಿ?"

"ನಾ ಎಲ್ಲಿಗೂ ಹೊಂಟಿಲ್ಲಪ್ಪ. ಪೆಟ್ಟಿಗಿ ಹೆಂಗ ಹೇಳಾಕತ್ತದೋ ಹಂಗ ಹಾಡಾಕತ್ತೀನಿ" ಎಂದಳು ಗೋಪಮ್ಮ.

ನಿಂಗರಾಜ ಅಕ್ಕನ ಗಂಡನ ಕಡೆ ತಿರುಗಿದ. "ಮಾವ, ಸಿಟ್ಟಾಗಬ್ಯಾಡ. ರಾಯಚೂರಿಗೆ ಜಿಲ್ಲಾದ ಎಲ್ಲಾ ಬಳಗದವ್ರು ಬರ್ತಾರ. ಅಷ್ಟೊತ್ತಿಗೆ ಪೆಟ್ಟಿಗಿ ಸುಮ್ಮನಾಗಬೇಕು, ಇಲ್ಲಾಂದ್ರ ನೀ ಸುಮ್ಮನಾಗಬೇಕು. ನನ್ನ ಕೀಬೋರ್ಡಿನ್ಯಾಗ ಬೇಸಿಂದು ಒಂದು ಬಟನ್ ಅದ. ಒತ್ತಿದ್ರ ಮುಗೀತು."

ಮನುಷ್ಯನ ಜಾಗಕ್ಕೆ ಇನ್ನೊಬ್ಬ ಮನುಷ್ಯ ಬಂದರೆ ಹೇಗೋ ತಡೆದುಕೊಳ್ಳಬಹುದು. ಬಟನ್ ಬರುವುದೆಂದರೆ ಯಾರಿಗೂ ಸಹಿಸುವ ಮಾತಲ್ಲ. ಕಿರಣಕುಮಾರನ ಮುಖ ಸಣ್ಣದಾಯಿತು.

"ರಾಯಚೂರಾಗ ರಿಪೇರಿ ಅಂಗಡಿಗೆ ಕೊಡು" ಎಂದ ನಿಂಗರಾಜ.

"ಅಂಗಡಿ ಯಾಕ? ಪಿಯುಸಿಯೊಳಗ ನಾ ಎಲೆಕ್ಟ್ರಾನಿಕ್ಸ್ ತಗೊಂಡಿದ್ದೆ. ನಾನಽ ಮಾಡ್ತೀನಿ."

ತಗೊಂಡದ್ದು ನಿಜ. ಪಾಸಾದನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲವಾದ್ದರಿಂದ ಅವನೂ ಹೇಳಲಿಲ್ಲ.

ಪೆಟ್ಟಿಗೆಯನ್ನು ಬಸ್ಸಿನಲ್ಲಿ ಮಾನ್ವಿಗೆ ತಂದದ್ದಾಯಿತು. ಸಿರವಾರದಲ್ಲಿ ಹತ್ತಿದ ಒಬ್ಬ ಮುದುಕಿ ಅದರ ಮೇಲೆ ಕೂತವಳು ಮಾನ್ವಿಯವರೆಗೆ ಏಳಲಿಲ್ಲ. ಇಳಿಯುವಾಗ "ಕುರ್ಚಿ ಛಲೋ ಅದ ತಮ್ಮಾ" ಎಂದು ಹರಸಿ ಹೋದಳು.

ಮನೆಯಲ್ಲಿ ಕಿರಣಕುಮಾರ ಹೆಂಡತಿ ನಾಗವೇಣಿಯ ಕಣ್ಣೆದುರಿಗೇ ಪೆಟ್ಟಿಗೆಯ ಬೆನ್ನು ಬಿಚ್ಚಿದ. ಧೂಳು ಊದಿದ. ಒಳಗಿದ್ದ ಜಿರಲೆಯ ಸಂಸಾರವನ್ನು ಹೊರಗೆ ಹಾಕಿದ. ಒಳಗಿನ ವಯರು ಬದಲಿಸಿದ. ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದ, ಬಿಗಿಯಾಗಿದ್ದವನ್ನು ಸಡಿಲ ಮಾಡಿ ಮತ್ತೆ ಬಿಗಿ ಮಾಡಿದ. ಸ್ವಿಚ್ ಒತ್ತಿದ. ಗುಂಯ್. ಆದರೆ ಗಿಟಾರಿನ ತಂತಿಯ ಮೇಲೆ ಕೈಯಿಟ್ಟರೆ ಸದ್ದು ತುಸು ತಗ್ಗುತ್ತಿತ್ತು, ತೆಗೆದರೆ ಮತ್ತೆ ಏರುತ್ತಿತ್ತು.

"ನಮ್ಮ ಮೌನೇಶ್ವರಿನೂ ಸಣ್ಣಾಕಿದ್ದಾಗ ಹಿಂಗಽ ಮಾಡ್ತಿದ್ಲು. ಎತ್ತಿಗೊಂಡು ಅಡ್ಡಾಡ್ರಿ, ಮಲಗ್ತದ" ಎಂದಳು ನಾಗವೇಣಿ, ಮಗಳನ್ನು ನೆನೆದು.

ಕಿರಣಕುಮಾರ ಹೆಂಡತಿಯ ಸಲಹೆಯನ್ನು ಕಡೆಗಣಿಸಿ ಮೊಬೈಲ್ ತೆಗೆದ. ವಿಡಿಯೋದಲ್ಲಿ ಒಬ್ಬ ಮಹಾಶಯ ತೆಲುಗಿನಲ್ಲಿ ರೋಗದ ಲಕ್ಷಣಗಳನ್ನೆಲ್ಲ ವಿವರಿಸುತ್ತಿದ್ದ. ಮುಟ್ಟಿದರೆ ಸದ್ದು ತಗ್ಗುತ್ತದೆಯೆಂದರೆ ವಿದ್ಯುತ್ತಿಗೆ ಭೂಮಿಯ ಸಂಪರ್ಕವಿಲ್ಲ, ಅಂದರೆ ಅರ್ಥಿಂಗ್ ಇಲ್ಲ ಎಂದು ಆ ಮಹಾಶಯ ತೀರ್ಪು ಕೊಟ್ಟ. ಅರ್ಧ ತೆಲುಗು ಬರುತ್ತಿದ್ದ ಕಿರಣಕುಮಾರನಿಗೆ ಅರ್ಧ ತಿಳಿಯಿತು. ಅಷ್ಟು ಸಾಕಾಯಿತು.

ಅವನು ಗೋಡೆಯ ಬೋರ್ಡು ಬಿಚ್ಚಿ ನೋಡಿದ. ಪ್ಲಗ್ಗು ಸಿಗಿಸಲು ಮೂರು ತೂತುಗಳಿದ್ದವು. ಮೇಲಿನ ದೊಡ್ಡ ತೂತು ಅರ್ಥಿಂಗಿನದು. ಅದರ ಹಿಂದಿನ ಹಸಿರು ವಯರನ್ನು ಬೆನ್ನಟ್ಟಿ ಹೋದರೆ ಅದು ಹೊರಗಿನ ಮೀಟರ್ ಬೋರ್ಡಿನ ತನಕ ಬಂದು, ಅಲ್ಲಿ ಯಾವುದಕ್ಕೂ ಅಂಟದೆ ನೇತಾಡುತ್ತಿತ್ತು. ನಮ್ಮ ಕಡೆಯ ಮನೆಗಳಲ್ಲಿ ಮೂರನೆಯ ತೂತನ್ನು ಇಟ್ಟಿರುವುದು ಚಂದ ಕಾಣಲಿ ಎಂದು. ಅದರ ಹಿಂದೆ ಏನಾದರೂ ಇದೆಯೇ ಎಂದು ಕೇಳುವವನನ್ನು ಜನ ಎಲ್ಲದರಲ್ಲೂ ಕೊಂಕು ಹುಡುಕುವ ಚಿಕಿತ್ಸಕ ಎನ್ನುತ್ತಾರೆ.

ಹೀಗೆ ಕಿರಣಕುಮಾರ ಗುಂಡಿ ತೋಡಲು ನಿರ್ಧರಿಸಿದ. ಅರ್ಥಿಂಗಿಗೆ ಗುಂಡಿ ಬೇಕು, ಗುಂಡಿಯಲ್ಲಿ ತಾಮ್ರದ ತಗಡು ಬೇಕು, ಅದರ ಸುತ್ತ ಇದ್ದಿಲು, ಉಪ್ಪು, ಮೇಲೆ ದಿನಾ ನೀರು. ಸಾಮಾನು ಹೊಂದಿಸಿಕೊಂಡು ಬಿಡುವಿನ ದಿನ ನೋಡಿ, ಮನೆಯ ಹಿಂದಿನ ಅಂಗಳದಲ್ಲಿ ಸಲಿಕೆ ಹಿಡಿದ. ಆ ದಿನ ಅಮಾವಾಸ್ಯೆ ಎಂಬುದು ಅವನ ಗಮನಕ್ಕೆ ಬಂದಿರಲಿಲ್ಲ.

ಬಂದದ್ದು ಶಿವಬಸಮ್ಮನವರ ಗಮನಕ್ಕೆ. ಶಿವಬಸಮ್ಮನವರು ಮನೆಯ ಒಡತಿ. ಅವರ ಗಂಡ ಈರಯ್ಯನವರು ಅಕ್ಕಿ ಗಿರಣಿಯ ಮಾಲೀಕರು, ಹಣೆ ತುಂಬ ವಿಭೂತಿಯ ಧರ್ಮಿಷ್ಠರು. ಮುಂದಿನ ಭಾಗದಲ್ಲಿ ಅವರ ವಾಸ, ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗೆ ಕಿರಣಕುಮಾರನ ಸಂಸಾರ. ಎರಡಕ್ಕೂ ಒಂದೇ ಮೀಟರ್ ಬೋರ್ಡು. ಶಿವಬಸಮ್ಮನವರು ಮಾಳಿಗೆಯ ಮೇಲೆ ಸಂಡಿಗೆ ಹಾಕುತ್ತಿದ್ದವರು ಕೆಳಗೆ ಬಗ್ಗಿ ನೋಡಿದರು. ಅಮಾವಾಸ್ಯೆಯ ಮಟಮಟ ಮಧ್ಯಾಹ್ನ, ಬಾಡಿಗೆಯವನು ಗುಂಡಿ ತೋಡಿ, ಅದರೊಳಗೆ ತಾಮ್ರದ ತಗಡು ಇಟ್ಟು, ಇದ್ದಿಲು ಸುರಿದು, ಉಪ್ಪು ಸುರಿದು, ಬೆವರು ಒರೆಸಿಕೊಳ್ಳುತ್ತಿದ್ದಾನೆ. ಅಷ್ಟರಲ್ಲಿ ನಾಗವೇಣಿ ಗಂಡನಿಗೆ ಶರಬತ್ತು ತಂದು, ಅಲ್ಲೇ ನಿಂಬೆಹಣ್ಣು ಹಿಂಡಿ, ಹೋಳನ್ನು ಗುಂಡಿಗೇ ಎಸೆದಳು.

ಸಂಡಿಗೆಯ ಹಿಟ್ಟು ಶಿವಬಸಮ್ಮನವರ ಕೈಯಲ್ಲೇ ಒಣಗಿತು. ಅವರು ಎದುರು ಮನೆಯ ಮಹಬೂಬೀಯನ್ನು ಕರೆದು ಪಿಸುಗುಟ್ಟಿದರು. "ನಮ್ಮ ಮನಿಗೆ ಮಾಟ ಮಾಡ್ಯಾರವ್ವ. ನಿಂಬಿಹಣ್ಣು ಸೈತ ಹಾಕಿದ್ದು ನಾ ಕಣ್ಣಾರೆ ನೋಡೀನಿ."

ಮಹಬೂಬೀ ಒಪ್ಪಲಿಲ್ಲ. "ಮಾಟಕ್ಕ ಅಷ್ಟು ದೊಡ್ಡ ಗುಂಡಿ ಯಾಕ ಬೇಕ್ರಿ? ತಾಂಬ್ಯಾದ ತಗಡು ಇಟ್ಟಾರ ಅಂದ್ರ ಖಜಾನಾ ಹುಡುಕಾಕತ್ಯಾರ. ನಿಮ್ಮ ಜಾಗಾದಾಗ ನಿಜಾಮನ ಕಾಲದ್ದು ಏನೋ ಅದ."

ಸಂಜೆಯ ಹೊತ್ತಿಗೆ ಓಣಿ ಎರಡು ಪಕ್ಷವಾಯಿತು. ಮೇಲಿನ ಕಡೆಯವರದು ಮಾಟ, ಕೆಳಗಿನ ಕಡೆಯವರದು ನಿಧಿ. ನಿಧಿ ಪಕ್ಷದವರಲ್ಲಿ ಯಾರೋ ಉತ್ಸಾಹಿಗಳು ಠಾಣೆಗೂ ಸುದ್ದಿ ಮುಟ್ಟಿಸಿದರು. ಮರುದಿನ ಪೇದೆ ಬಸವಲಿಂಗ ಮೋಟಾರ್‌ಸೈಕಲ್ಲಿನಲ್ಲಿ ಬಂದಿಳಿದು, ಗುಂಡಿಯನ್ನು ಒಂದು ಸುತ್ತು ಹಾಕಿದ.

"ಏನ್ ಸಿಕ್ಕದ?"

"ಏನೂ ಸಿಕ್ಕಿಲ್ರಿ ಸರ್. ಅರ್ಥಿಂಗ್ ಮಾಡೀನಿ" ಎಂದ ಕಿರಣಕುಮಾರ.

"ಯಾವುದಕ್ಕ?"

"ಬೇಸ್ ಗಿಟಾರಿಗೆ."

ಬಸವಲಿಂಗ ತನ್ನ ಸೇವಾವಧಿಯಲ್ಲಿ ಎಷ್ಟೋ ಸುಳ್ಳು ಕೇಳಿದ್ದ. ಇಷ್ಟು ಹೊಸದನ್ನು ಕೇಳಿರಲಿಲ್ಲ. "ತೋರ್ಸು ನೋಡೂಣು" ಎಂದ. ಕಿರಣಕುಮಾರ ಹೆಮ್ಮೆಯಿಂದ ಪೆಟ್ಟಿಗೆಯ ಪ್ಲಗ್ಗು ಸಿಗಿಸಿ ಸ್ವಿಚ್ ಒತ್ತಿದ. ಗುಂಡಿಯ ತಂತಿಯನ್ನು ಬೆಳಿಗ್ಗೆಯೇ ಮೀಟರ್ ಬೋರ್ಡಿನ ಹಸಿರು ವಯರುಗಳಿಗೆಲ್ಲ ಕೂಡಿಸಿದ್ದ. ಪೆಟ್ಟಿಗೆ ಗುಂಯ್ ಎಂದಿತು. ಮೊದಲು ಅಂದಷ್ಟೇ ಜೋರಾಗಿ ಅಂದಿತು.

ಬಸವಲಿಂಗ ಕಿವಿ ನಿಮಿರಿಸಿ ಕೇಳಿದ. ಆಮೇಲೆ ತಲೆ ಆಡಿಸಿದ. "ಇಲ್ಲ. ನಿಧಿ ಇದ್ರ ಹಿಂಗ ಸಪ್ಪಳ ಬರೂದಿಲ್ಲ. ನಮ್ಮ ಠಾಣಾದಾಗ ಫ್ಯಾನ್ ಹಿಂಗಽ ಅಂತದ" ಎಂದು ತನಿಖೆ ಮುಗಿಸಿ ಚಹಾ ಕುಡಿದು ಹೋದ. ನಿಧಿ ಪಕ್ಷ ಸೋತಿತು. ಓಣಿಯಲ್ಲಿ ಮಾಟವೊಂದೇ ಉಳಿಯಿತು.

ಇಲ್ಲಿ ನಾನು ಓದುಗರಿಗೆ ಒಂದು ಗುಟ್ಟು ಹೇಳಬೇಕು. ಗುಂಡಿ ಸರಿಯಾಗಿಯೇ ಇತ್ತು. ಎಲೆಕ್ಟ್ರಾನಿಕ್ಸ್ ತಗೊಂಡವನ ಗುಂಡಿಯೆಂದು ನಂಬಲಾಗದಷ್ಟು ಸರಿಯಾಗಿತ್ತು. ಆದರೆ ಆ ಪೆಟ್ಟಿಗೆಯ ಪ್ಲಗ್ಗಿಗೆ ಮೂರನೆಯ ಕಡ್ಡಿಯೇ ಇರಲಿಲ್ಲ. ಹಿಂದಿನ ಮಾಲೀಕ ಅದನ್ನು ಎರಡು ತೂತಿನ ಬೋರ್ಡಿಗೆ ಸಿಗಿಸುವ ಸಲುವಾಗಿ ಇಕ್ಕಳದಿಂದ ಮುರಿದುಹಾಕಿದ್ದ. ನಮ್ಮ ಕಡೆ ಇದು ತಪ್ಪಲ್ಲ, ಜಾಣತನ. ಹೀಗಾಗಿ ಕಿರಣಕುಮಾರನ ಗುಂಡಿಯಿಂದ ಆ ವಠಾರದ ಎಲ್ಲ ಯಂತ್ರಗಳಿಗೂ ಭೂಮಿಯ ಸಂಪರ್ಕ ದೊರೆಯಿತು, ಅವನ ಪೆಟ್ಟಿಗೆಯೊಂದನ್ನು ಬಿಟ್ಟು. ಇದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಗುಂಡಿ ಇನ್ನೂ ತೋಯ್ದಿಲ್ಲ ಎಂದುಕೊಂಡು ಅವನು ಬೆಳಿಗ್ಗೆ ಸಂಜೆ ಕೊಡಗಟ್ಟಲೆ ನೀರು ಹೊಯ್ಯತೊಡಗಿದ. ಬೇಸಿಗೆಯ ಆ ಕಾಲದಲ್ಲಿ ಕುಡಿಯುವುದಕ್ಕಿಲ್ಲದ ನೀರನ್ನು ಗುಂಡಿಗೆ ಹೊಯ್ಯುವವನು ಸಾಮಾನ್ಯ ಮಾಟಗಾರನಲ್ಲವೆಂದು ಮೇಲಿನ ಓಣಿಯವರು ನಿಶ್ಚಯಿಸಿದರು.

ಪೂರ್ಣಿಮೆಗೆ ಒಂದೇ ದಿನ ಉಳಿದಿತ್ತು. ಬೆಳಿಗ್ಗೆ ಕಿರಣಕುಮಾರ ನೀರು ಹೊಯ್ಯುತ್ತಿದ್ದಾಗ ಈರಯ್ಯನವರು ಹಿತ್ತಲಿಗೆ ಬಂದರು. ಸ್ನಾನ ಮಾಡಿ ಉಟ್ಟ ಒದ್ದೆ ಪಂಚೆ ಇನ್ನೂ ತೊಟ್ಟಿಕ್ಕುತ್ತಿತ್ತು. ಕಣ್ಣೂ ತೊಟ್ಟಿಕ್ಕುತ್ತಿತ್ತು.

"ಕಿರಣಾ, ನಮ್ಮವ್ವನ್ನ ಎಲ್ಲಿಗೆ ಕಳಿಸಿದಿ?"

ಕಿರಣಕುಮಾರನ ಕೈಯಿಂದ ಕೊಡ ಜಾರಿತು. ಈರಯ್ಯನವರ ತಾಯಿ ತೀರಿಕೊಂಡು ವರ್ಷಗಳಾಗಿದ್ದವು.

ವಿಷಯ ಹೀಗಿತ್ತು. ಆ ಮುದುಕಮ್ಮ ಬದುಕಿರುವಷ್ಟು ಕಾಲ ಮನೆಯ ಫ್ರಿಜ್ಜಿನ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡು, ಫ್ರಿಜ್ಜಿನ ಪಕ್ಕದಲ್ಲೇ ಕೂತಿರುತ್ತಿದ್ದರು. ಹಾಲು ಮೊಸರು ಯಾವುದಿದ್ದರೂ ಅವರ ಅಪ್ಪಣೆಯಿಲ್ಲದೆ ಹೊರಗೆ ಬರುವಂತಿರಲಿಲ್ಲ. ಅವರು ಹೋದ ಕೆಲವು ದಿನಗಳಿಗೆ, ಫ್ರಿಜ್ಜಿನ ಬಾಗಿಲು ಮುಟ್ಟಿದವರಿಗೆಲ್ಲ ಕೈಗೆ ಜುಂ ಎನ್ನತೊಡಗಿತು. ಬೇರೆಯವರಾದರೆ ಎಲೆಕ್ಟ್ರಿಷಿಯನ್ನನ್ನು ಕರೆಯುತ್ತಿದ್ದರು. ಈರಯ್ಯನವರು ತೆಂಗಿನಕಾಯಿ ಒಡೆದರು. ಅವ್ವ ಇನ್ನೂ ಕಾವಲಿದ್ದಾಳೆ ಎಂಬುದರಲ್ಲಿ ಅವರಿಗೆ ಅನುಮಾನವೇ ಉಳಿಯಲಿಲ್ಲ. ದಿನಾ ಸ್ನಾನವಾದ ಕೂಡಲೇ ಬರಿಗಾಲಲ್ಲಿ ಫ್ರಿಜ್ಜಿಗೆ ಕೈಮುಟ್ಟಿ, ಜುಂ ಎನಿಸಿಕೊಂಡು, ಆಶೀರ್ವಾದವಾಯಿತೆಂದು ಗಿರಣಿಗೆ ಹೋಗುತ್ತಿದ್ದರು. ಈಗ ಕೆಲವು ದಿನಗಳಿಂದ ಎಷ್ಟು ಮುಟ್ಟಿದರೂ ಜುಂ ಇಲ್ಲ.

"ಒದ್ದಿ ಕೈಲೆ ಮುಟ್ಟೀನಿ, ಎರಡೂ ಕೈಲೆ ತಬ್ಬೀನಿ. ಮಾತಾಡವಲ್ಲಳು. ನೀ ಗುಂಡಿ ತೋಡಿದಾಗಿಂದ ಹಿಂಗ ಆಗ್ಯದ. ಮುಚ್ಚು ಅದನ್ನ!"

ಅವರ ಹಿಂದೆಯೇ ಶಿವಬಸಮ್ಮನವರೂ ಬಂದಿದ್ದರು. ಗಂಡ ಕೂಗಾಡುತ್ತಿದ್ದಾಗ ಅವರು ಮೆಲ್ಲಗೆ ನಾಗವೇಣಿಯ ಪಕ್ಕಕ್ಕೆ ಸರಿದು ಕಿವಿಯಲ್ಲಿ ಹೇಳಿದರು. "ನೀವು ಏನ್ ಮಾಟ ಮಾಡೀರೋ ನಾ ಕೇಳೂದಿಲ್ಲವ್ವ. ಆದ್ರ ತೆಗೀಬ್ಯಾಡ್ರಿ. ಇಷ್ಟು ವರ್ಷದ ಮ್ಯಾಲ ನಾ ಒಂದು ಮಸರಿನ ಗಡಿಗಿ ಧೈರ್ಯದಿಂದ ತೆಗದೀನಿ."

ಕಿರಣಕುಮಾರ ಕೈಮುಗಿದ. "ಯಪ್ಪಾ, ನಾಳೆ ಒಂದಿನ ತಡೀರಿ. ನಾಳೆ ರಾಯಚೂರಾಗ ಪ್ರೋಗ್ರಾಂ ಅದ. ಪೆಟ್ಟಿಗಿ ಸುಮ್ಮನಾಗದಿದ್ರ ನನ್ನ ಜಾಗಕ್ಕ ಒಂದು ಬಟನ್ ಬರ್ತದ."

"ನಮ್ಮವ್ವನಕಿಂತ ನಿನ್ನ ಪೆಟ್ಟಿಗಿ ಹೆಚ್ಚಾತೇನು? ಎಲ್ಲಿ ಅದ ಆ ಪೆಟ್ಟಿಗಿ?" ಎಂದು ಈರಯ್ಯನವರು ಒದ್ದೆ ಕಾಲಲ್ಲೇ ಅವನ ಮನೆಯೊಳಗೆ ನುಗ್ಗಿದರು. ಇಷ್ಟು ವರ್ಷ ಅವರು ಬಾಡಿಗೆ ಕೇಳಲು ಬಂದರೂ ಹೊಸ್ತಿಲಾಚೆ ನಿಂತೇ ಮಾತಾಡುತ್ತಿದ್ದರು. ಒಳಗೆ ಪೆಟ್ಟಿಗೆ ಬೆಳಿಗ್ಗೆಯ ಪರೀಕ್ಷೆಗೆಂದು ಹಚ್ಚಿಟ್ಟಿದ್ದು ಗುಂಯ್ ಎನ್ನುತ್ತಲೇ ಇತ್ತು. "ಬಾಯಿ ಮುಚ್ಚು!" ಎಂದು ಈರಯ್ಯನವರು ಅದರ ಲೋಹದ ಮುಖಕ್ಕೆ ಫಟ್ಟನೆ ಬಾರಿಸಿ ಕೈ ಅಲ್ಲೇ ಊರಿದರು.

ಕೈಗೆ ಜುಂ ಎಂದಿತು. ಪೆಟ್ಟಿಗೆ ಗಪ್ಪಾಯಿತು.

ಈರಯ್ಯನವರು ಕೈ ತೆಗೆದರು. ಗುಂಯ್. ಮತ್ತೆ ಇಟ್ಟರು. ಜುಂ, ಮತ್ತು ಮೌನ.

"ಅವ್ವಾ! ಇಲ್ಲಿಗೆ ಬಂದು ಕುಂತೀಯೇನವ್ವಾ?"

ಎಲೆಕ್ಟ್ರಾನಿಕ್ಸ್ ತಗೊಂಡವನೂ ಪೆಟ್ಟಿಗೆಗೆ ಕೈಮುಗಿದ. ಈರಯ್ಯನವರು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಕೂತವರು ಏಳಲಿಲ್ಲ. ಗಿರಣಿಯಿಂದ ಫೋನು ಬಂದರೆ "ಅವ್ವನ ಕೂಡ ಇದ್ದೀನಿ, ಆಮ್ಯಾಲ ಮಾಡ್ರಿ" ಎಂದು ಇಟ್ಟರು. ಸ್ವಲ್ಪ ಹೊತ್ತಿಗೆ ನಾಗವೇಣಿ ಅಂಜುತ್ತಲೇ ಒಂದು ಕಪ್ಪು ಚಹಾ ತಂದು ಮುಂದಿಟ್ಟಳು. ಆ ಮನೆಯಲ್ಲಿ ಈರಯ್ಯನವರು ಅಲ್ಲಿಯತನಕ ನೀರನ್ನೂ ಕುಡಿದಿರಲಿಲ್ಲ. ಯಾಕೆಂದು ಯಾರೂ ಕೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಈಗ ಒಂದು ಕೈ ಅವ್ವನ ಮೇಲಿತ್ತು. ಅವರು ಇನ್ನೊಂದು ಕೈಯಿಂದ ಕಪ್ಪು ಎತ್ತಿ ಕುಡಿದು, "ಶುಂಠಿ ಹಾಕಿಯೇನವ್ವ? ಛಲೋ ಆಗ್ಯದ" ಎಂದರು. ನಾಗವೇಣಿ ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಯಾಕೆ ಒರೆಸಿಕೊಂಡಳೆಂದು ಅವಳಿಗೂ ತಿಳಿಯಲಿಲ್ಲ.

"ಯಪ್ಪಾ, ನಾಳೆ ಇದನ್ನ ರಾಯಚೂರಿಗೆ ಒಯ್ಯಬೇಕು" ಎಂದ ಕಿರಣಕುಮಾರ.

"ಒಯ್ಯಿ. ಆದ್ರ ನಮ್ಮವ್ವನ್ನ ಒಬ್ಬಾಕಿನ್ನಽ ಕಳಸಾಕ ಆಗೂದಿಲ್ಲ. ನಾನೂ ಬರ್ತೀನಿ."

ಮರುದಿನ ಈರಯ್ಯನವರ ಕಾರು ರಾಯಚೂರಿಗೆ ಹೊರಟಿತು. ಮುಂದಿನ ಸೀಟಿನಲ್ಲಿ, ಕಾರು ನಡೆಸುತ್ತಿದ್ದ ಅವರ ಪಕ್ಕ, ಬೆಲ್ಟು ಬಿಗಿದುಕೊಂಡು ಪೆಟ್ಟಿಗೆ ಕೂತಿತ್ತು. ಹಿಂದೆ ಕಿರಣಕುಮಾರ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಮುದುರಿದ್ದ. ಶಿವಬಸಮ್ಮನವರು ಬಾಗಿಲಲ್ಲಿ ನಿಂತು ಕೈಬೀಸಿದರು. "ಅವಸರ ಮಾಡಬ್ಯಾಡ್ರಿ. ಅತ್ತಿಯವ್ರಿಗೆ ಅಲ್ಲೇ ಹಿಡಿಸಿದ್ರ ಅಲ್ಲೇ ಇರಲಿ ಬಿಡ್ರಿ."

ರಾಯಚೂರಿನಲ್ಲಿ ಸಭೆ ಕಿಕ್ಕಿರಿದಿತ್ತು. ಆಗತಾನೇ ತೊಳೆದ ಕಲ್ಲುಹಾಸಿನ ವೇದಿಕೆ ಇನ್ನೂ ಹಸಿಯಾಗಿತ್ತು. ಕಿರಣಕುಮಾರ ಪೆಟ್ಟಿಗೆ ಹಚ್ಚಿದ. ಅದು ಸಭೆಗೆಲ್ಲ ಕೇಳುವಂತೆ ಗುಂಯ್ ಎಂದಿತು. ಮುಂದಿನ ಸಾಲಿನಲ್ಲಿದ್ದ ಬೇರೆ ಬಳಗದವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಿಂಗರಾಜನ ಬೆರಳು ಮೆಲ್ಲಗೆ ಬಟನ್ನಿನ ಕಡೆ ಹೊರಟಿತು.

ಆಗ ಈರಯ್ಯನವರು ಚಪ್ಪಲಿ ಕೆಳಗೆ ಬಿಟ್ಟು, ಶಾಲು ಸರಿಪಡಿಸಿಕೊಂಡು ವೇದಿಕೆ ಹತ್ತಿದರು. ಪೆಟ್ಟಿಗೆಯ ಪಕ್ಕ ಪದ್ಮಾಸನ ಹಾಕಿ, ಬಲಗೈ ಅದರ ಮೇಲಿಟ್ಟು, ಕಣ್ಣು ಮುಚ್ಚಿದರು. ಸದ್ದು ಅಡಗಿತು.

ನಿಂಗರಾಜನ ಬೆರಳು ಅಲ್ಲೇ ನಿಂತಿತು. "ಮಾವ, ಇವರು ಯಾರು?"

"ನಮ್ಮ ಮನಿ ಓನರ್ರು."

"ಏನು ಬಾರಸ್ತಾರ?"

"ಏನೂ ಬಾರಸೂದಿಲ್ಲ. ಸುಮ್ಮನ ಇರಸ್ತಾರ."

ಗೋಪಮ್ಮ ಹಾಡಿದಳು. ಬೇರೆ ಯಾವ ಸದ್ದೂ ದಾರಿ ತಪ್ಪಿಸಲಿಲ್ಲವಾದ್ದರಿಂದ ಬೆಳದಿಂಗಳನ್ನು ಕುರಿತ ಅವಳ ಹಾಡು ನೆಟ್ಟಗೆ ಹೋಗಿ ಜನರನ್ನು ಮುಟ್ಟಿತು. ಅದರ ಅಡಿಯಲ್ಲಿ ಕಿರಣಕುಮಾರನ ನಾಲ್ಕು ತಂತಿಗಳು ಧೂಂ ಧೂಂ ಎಂದು ಸಾಗಿದವು. ಹಾಡು ಸಾಗಿದಂತೆ ಈರಯ್ಯನವರ ತಲೆ ತಾಳಕ್ಕೆ ತೂಗತೊಡಗಿತು. ಮುಗಿದಾಗ ಚಪ್ಪಾಳೆ ನಿಲ್ಲಲಿಲ್ಲ. ನಿರೂಪಕರು "ಕಲಾವಿದರೆಲ್ಲ ಎದ್ದು ನಿಲ್ಲಬೇಕು" ಎಂದರು. ಈರಯ್ಯನವರೂ ಎದ್ದರು. ಗುಂಯ್! ಗಾಬರಿಯಿಂದ ಕೂತರು. ಸದ್ದು ನಿಂತಿತು. ಜನ ಇದನ್ನೂ ಕಾರ್ಯಕ್ರಮದ ಭಾಗವೆಂದು ತಿಳಿದು ಮತ್ತಷ್ಟು ಚಪ್ಪಾಳೆ ತಟ್ಟಿದರು.

ನಿಂಗರಾಜ ಬಗ್ಗಿ ಪಿಸುಗುಟ್ಟಿದ. "ಮಾವ, ಮುಂದಿನ ತಿಂಗಳು ಸಿಂಧನೂರಾಗ ಒಂದು ಪ್ರೋಗ್ರಾಂ ಅದ. ಯಜಮಾನ್ರಿಗೆ ಬಿಡುವು ಅದೇನು ಕೇಳು. ಅವರು ಬಂದ್ರ ನೀನೂ ಬಾ."

ಕಿರಣಕುಮಾರ ಜೀವ ಬಂದಂತಾಗಿ ಈರಯ್ಯನವರ ಕಡೆ ತಿರುಗಿದ. ಅವರು ಸಭೆಯನ್ನೇ ನೋಡುತ್ತಿದ್ದರು. ಹೆಂಗಸರು, ಗಂಡಸರು, ಬಿಳಿ ಬಟ್ಟೆ ತೊಟ್ಟ ನೂರಾರು ಜನ ಅವರ ಕಡೆಗೇ ನೋಡಿ ಚಪ್ಪಾಳೆ ಹೊಡೆಯುತ್ತಿದ್ದರು.

"ಕಿರಣಾ" ಎಂದರು ಅವರು, ಕೈ ತೆಗೆಯದೆ. "ನಮ್ಮವ್ವ ಇದ್ದಾಗ ನಿಮ್ಮ ಮಂದಿ ಇರೂ ಓಣಿ ಕಡೆ ಮುಖ ಮಾಡಿ ನಿಂದ್ರಾಕೂ ಬಿಡ್ತಿದ್ದಿಲ್ಲ ನನಗ. ನೆರಳು ಬೀಳ್ತದ ಅಂತಿದ್ಲು. ಈಗ ನೋಡು, ತಾನಽ ಮುಂದ ಕುಂತು ಕರಕೊಂಡು ಬಂದು, ನಿಮ್ಮ ನಡುವ ನನ್ನ ಕೂಡ್ರಿಸ್ಯಾಳ. ಭಾಳ ತಿದ್ದಿಕೊಂಡಾಳ ಮುದುಕಿ."

ಕಿರಣಕುಮಾರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂದವು.

"ಇನ್ನೊಂದು ಹಾಡು ಅದರಿ ಯಪ್ಪಾ" ಎಂದ. "ಕೈ ಗಟ್ಟಿ ಇಡ್ರಿ."